ಸ್ತ್ರೀಯರ ಸುವಾರ್ತೆಗಳನ್ನು ಸಭೆ ಸುಟ್ಟುಹಾಕಿತೇ?

ಪ್ರಶ್ನೆ: ನಾನು ಧಾರವಾಡದಲ್ಲಿ ಪ್ರೌಢಶಾಲಾ ಶಿಕ್ಷಕಿ. ನಮ್ಮ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯ ಸ್ತ್ರೀಯರ ಕೂಟದಲ್ಲಿ ಸತ್ಯವೇದ ಅಧ್ಯಯನವನ್ನು ನಡೆಸಿಕೊಂಡು ಬಂದಿದ್ದೇನೆ. ಪದವಿ ಓದುತ್ತಿರುವ ನನ್ನ ಮಗಳು ಇತ್ತೀಚೆಗೆ ಒಂದು ವಿಡಿಯೊ ತೋರಿಸಿದಳು. ಹೆಂಗಸರು ಬರೆದ ಸುವಾರ್ತೆಗಳು ಮೊದಲು ಬೈಬಲಿನಲ್ಲಿಯೇ ಇದ್ದವು, ಕಾನ್‌ಸ್ಟಂಟೈನ್ ಚಕ್ರವರ್ತಿ ನೈಸಿಯದ ಮಹಾಸಭೆಯಲ್ಲಿ ಅವನ್ನು ತೆಗೆಸಿ ಸುಡಿಸಿದ, ಮಗ್ದಲದ ಮರಿಯಳು ಯೇಸುವಿನ ಹೆಂಡತಿಯಾಗಿದ್ದಳು ಎಂದೆಲ್ಲ ಅದರಲ್ಲಿ ಇತ್ತು. ಸಭಾಪಾಲಕರನ್ನು ಕೇಳಿದರೆ, ಅವೆಲ್ಲ ದುರ್ಬೋಧಕರು ಬರೆದ ಸುಳ್ಳು ಪುಸ್ತಕಗಳು, ಮುಟ್ಟಬೇಡಿ ಎಂದರು. ‘ಮುಚ್ಚಿಡುವಂಥದ್ದು ಏನೂ ಇಲ್ಲದಿದ್ದರೆ ಮುಟ್ಟಬೇಡಿ ಅನ್ನುವುದು ಏಕಮ್ಮ?’ ಎಂದು ಮಗಳು ಕೇಳುತ್ತಾಳೆ, ನನಗೆ ಉತ್ತರ ಹೊಳೆಯುವುದಿಲ್ಲ. ಹೆಂಗಸರು ನಿಜವಾಗಿ ಬರೆದದ್ದು ಏನಾದರೂ ಉಳಿದಿದೆಯೇ? ಅದನ್ನು ನಮ್ಮ ಕೂಟದಲ್ಲಿ ಓದಬಹುದೇ? ಓದಿದರೆ ನಂಬಿಕೆಗೆ ಪೆಟ್ಟು ಬೀಳುವುದೇ?

ಉತ್ತರ: ಮಗಳು ನೋಡಿದ ವಿಡಿಯೊದಲ್ಲಿನ ಸಂಗತಿಗಳು ಬಹುಮಟ್ಟಿಗೆ ತಪ್ಪು, ಸಭಾಪಾಲಕರು ಹೇಳಿದ್ದು ಅರ್ಧ ಮಾತ್ರ ಸರಿ. ಆದರೆ ಒಬ್ಬರನ್ನೊಬ್ಬರು ವಿರೋಧಿಸುವ ಈ ಎರಡು ಮಾತುಗಳಲ್ಲೂ ಒಂದೇ ಊಹೆ ಅಡಗಿದೆ. ಹೆಣ್ಣೊಬ್ಬಳು ಮುಖ್ಯ ಪಾತ್ರವಾಗಿರುವ ಗ್ರಂಥವೆಂದರೆ ಅದು ಹೆಣ್ಣೇ ಬರೆದ ಗ್ರಂಥ, ಬೈಬಲಿನಿಂದ ಹೊರಗುಳಿದದ್ದು ಎಂದರೆ ನಾಶವಾದದ್ದು ಎಂಬುದೇ ಆ ಊಹೆ. ಆದಿ ಕ್ರೈಸ್ತ ಸಾಹಿತ್ಯವನ್ನು ಪಾಠ ಹೇಳುವಾಗ ವಿದ್ಯಾರ್ಥಿಗಳ ತಲೆಯಿಂದ ಮೊದಲು ಬಿಡಿಸಬೇಕಾಗುವುದು ಈ ಗಂಟನ್ನೇ. ಅದು ಬಿಟ್ಟಿತೆಂದರೆ ನಿಮ್ಮ ಪ್ರಶ್ನೆಗೆ ವಿಡಿಯೊದವರು ಕೊಟ್ಟಿದ್ದಕ್ಕಿಂತ ಗಟ್ಟಿಯಾದ ಉತ್ತರ ಸಿಗುತ್ತದೆ. ಹೆಂಗಸರ ಸ್ವಂತ ದನಿ ಉಳಿದಿರುವುದು ಸ್ವಲ್ಪವೇ, ಅದೂ ಜನ ಸಾಮಾನ್ಯವಾಗಿ ಹುಡುಕುವ ಜಾಗದಲ್ಲಿ ಅಲ್ಲ.

ಮೊದಲು ನೈಸಿಯದ ವಿಚಾರವನ್ನು ಮುಗಿಸಿಬಿಡೋಣ. ಕ್ರಿ.ಶ. 325ರಲ್ಲಿ ಚಕ್ರವರ್ತಿ ಕರೆಸಿದ ಆ ಮಹಾಸಭೆ ಮುಖ್ಯವಾಗಿ ಚರ್ಚಿಸಿದ್ದು ಅರಿಯಸ್‌ನ ಬೋಧನೆಯನ್ನು, ಎಂದರೆ ಕ್ರಿಸ್ತನು ತಂದೆಯಾದ ದೇವರಿಗೆ ಸಮಾನನೋ ಅಥವಾ ಸೃಷ್ಟಿಯಾದವನೋ ಎಂಬುದನ್ನು. ಅದರ ಜೊತೆಗೆ ಪಾಸ್ಕ (ಈಸ್ಟರ್) ಹಬ್ಬದ ದಿನ ಗೊತ್ತುಮಾಡುವ ವಿಷಯವಿತ್ತು, ಸಭಾಶಿಸ್ತಿನ ಕೆಲವು ವಿಷಯಗಳಿದ್ದವು. ಆ ಮಹಾಸಭೆಯ 20 ನಿಯಮಗಳು ನಮಗೆ ಉಳಿದು ಬಂದಿವೆ; ಯಾವ ಪುಸ್ತಕ ಬೈಬಲಿಗೆ ಸೇರಬೇಕು, ಯಾವುದು ಬೇಡ ಎಂಬ ಒಂದು ವಾಕ್ಯವೂ ಅವುಗಳಲ್ಲಿ ಇಲ್ಲ. ಪುಸ್ತಕಗಳ ಪಟ್ಟಿ ಒಂದು ದಿನದ ಮತದಾನದಿಂದ ಆದದ್ದಲ್ಲ. 180ರ ಸುಮಾರಿಗೇ ಲಿಯೋನ್ ನಗರದ ಐರೇನಿಯಸ್ ನಾಲ್ಕೇ ಸುವಾರ್ತೆಗಳು ಎಂದು ವಾದಿಸುತ್ತಿದ್ದ. ಇಂದು ನಾವು ಬಳಸುವ ಹೊಸ ಒಡಂಬಡಿಕೆಯ 27 ಪುಸ್ತಕಗಳು ಅಷ್ಟಕ್ಕಷ್ಟೇ ಒಂದು ಪಟ್ಟಿಯಲ್ಲಿ ಕಾಣಿಸಿಕೊಳ್ಳುವುದು ಅಲೆಕ್ಸಾಂಡ್ರಿಯದ ಬಿಷಪ್ ಅಥನಾಸಿಯಸ್ 367ರಲ್ಲಿ ಬರೆದ ಪಾಸ್ಕ ಪತ್ರದಲ್ಲಿ, ನೈಸಿಯ ಕಳೆದು ನಾಲ್ಕು ದಶಕಗಳ ನಂತರ. ಈ ನಡುವೆ ಊರೂರಿನ ಸಭೆಗಳು ತಮಗೆ ತೋಚಿದಂತೆ ಓದಿಕೊಂಡಿದ್ದವು. ಅಂತಿಯೋಕ್ಯದ ಬಿಷಪ್ ಸೆರಾಪಿಯೋನ್, 200ರ ಆಸುಪಾಸಿನಲ್ಲಿ, ರೋಸ್ಸಸ್ ಎಂಬ ಊರಿನವರು ಪೇತ್ರನ ಹೆಸರಿನ ಸುವಾರ್ತೆಯೊಂದನ್ನು ಓದುತ್ತೇವೆಂದಾಗ ಅದನ್ನು ಪೂರ್ತಿ ನೋಡದೆಯೇ ಒಪ್ಪಿಗೆ ಕೊಟ್ಟುಬಿಟ್ಟಿದ್ದ. ಆಮೇಲೆ ಓದಿ ನೋಡಿ, ಒಪ್ಪಿಗೆಯನ್ನು ಹಿಂದೆ ತೆಗೆದುಕೊಂಡ. ನಡೆಯುತ್ತಿದ್ದದ್ದು ಹೀಗೆ.

ಪೇತ್ರ, ತೋಮ, ಫಿಲಿಪ್ಪ ಮೊದಲಾದ ಗಂಡಸರ ಹೆಸರನ್ನು ಹೊತ್ತ ಪುಸ್ತಕಗಳೂ ಹೊರಗುಳಿದವು ಎಂಬುದನ್ನು ಗಮನಿಸಿ. ಆದ್ದರಿಂದ ಹೆಂಗಸಿನ ಹೆಸರಿದ್ದ ಕಾರಣಕ್ಕೇ, ಮಗ್ದಲದ ಮರಿಯಳ ಹೆಸರಿನಲ್ಲಿರುವ ‘ಮರಿಯಳ ಸುವಾರ್ತೆ’ಯನ್ನು ತೆಗೆದರು ಎನ್ನಲಾಗದು. ಅದು ಒಳಗೆ ಇತ್ತೆಂಬುದಕ್ಕೇ ಪುರಾವೆಯಿಲ್ಲದಿರುವಾಗ ತೆಗೆಯುವ ಮಾತೆಲ್ಲಿಯದು? ಆದರೂ ವಿಡಿಯೊದವರ ಅನುಮಾನದಲ್ಲಿ ಒಂದು ಹುರುಳಿದೆ. ಪುಸ್ತಕವನ್ನು ಒಪ್ಪಿಕೊಳ್ಳಲು ಅಂದಿನವರು ಬಳಸಿದ ಅಳತೆಗೋಲುಗಳಲ್ಲಿ ಮುಖ್ಯವಾದದ್ದು, ಅದು ಅಪೊಸ್ತಲನೊಬ್ಬನಿಂದ ಅಥವಾ ಅವನ ಒಡನಾಡಿಯಿಂದ ಬಂದದ್ದೇ ಎಂಬುದು. ಹನ್ನೆರಡು ಮಂದಿ ಮತ್ತು ಪೌಲ ಎಂದು ಅಪೊಸ್ತಲರ ವೃತ್ತವನ್ನು ಎಳೆದಾದ ಮೇಲೆ, ಹೆಂಗಸೊಬ್ಬಳ ಸಾಕ್ಷ್ಯಕ್ಕೆ ಆ ಅಳತೆಗೋಲಿನಲ್ಲಿ ಜಾಗವೇ ಉಳಿಯಲಿಲ್ಲ. ಯಾರೂ ಕೂತು ಸಂಚು ಮಾಡಬೇಕಾದ ಅಗತ್ಯವಿರಲಿಲ್ಲ.

ಇನ್ನು ಸುಟ್ಟ ಮಾತು. ಪಪೈರಸ್ ಎಂಬ ಜೊಂಡಿನ ಹಾಳೆಯ ಮೇಲೆ ಬರೆದ ಪುಸ್ತಕ ಬದುಕುವುದು ಯಾರಾದರೂ ಅದನ್ನು ತಲೆಮಾರಿಗೊಮ್ಮೆ ಪ್ರತಿಮಾಡಿದರೆ ಮಾತ್ರ. ನಮ್ಮ ಮಠಗಳಲ್ಲಿ ಓಲೆಗರಿಯ ಕಟ್ಟುಗಳು ಯಾರೂ ಬಿಚ್ಚದೆ ಹುಳ ಹಿಡಿದು ಹೋದಂತೆಯೇ ಅಲ್ಲಿಯೂ ಆಯಿತು. ಆರಾಧನೆಯಲ್ಲಿ ಓದದ ಪುಸ್ತಕಕ್ಕೆ ಪ್ರತಿಕಾರನ ಕೂಲಿ ಕೊಡುವವರು ಇರಲಿಲ್ಲ. ಬಹುಪಾಲು ಪುಸ್ತಕಗಳು ಕಳೆದುಹೋದದ್ದು ಹೀಗೆ, ಬೆಂಕಿಯಿಲ್ಲದೆ. ಆದರೆ ಸಭೆ ಏನನ್ನೂ ಸುಡಲೇ ಇಲ್ಲವೆಂದು ಯಾರಾದರೂ ಹೇಳಿದರೆ ಅದನ್ನೂ ನಂಬಬೇಡಿ. 398ರಲ್ಲಿ ಚಕ್ರವರ್ತಿ ಅರ್ಕಾಡಿಯಸ್‌ನ ಹೆಸರಿನಲ್ಲಿ ಹೊರಟ ಒಂದು ಶಾಸನ, ಮೊಂಟಾನಸ್‌ನ ಪಂಥದವರ ಪುಸ್ತಕಗಳನ್ನು ಹುಡುಕಿ ಸುಡಬೇಕೆಂದು ಆಜ್ಞೆ ಮಾಡಿತು. ಆ ಪಂಥದಲ್ಲಿ ಇಬ್ಬರು ಪ್ರವಾದಿನಿಯರಿದ್ದರು, ಅವರ ಹೆಸರಿನ ಪುಸ್ತಕಗಳೂ ಇದ್ದವು. ಅವರ ಮಾತಿಗೆ ಮುಂದೆ ಬರುತ್ತೇನೆ; ವಿಡಿಯೊ ತಯಾರಿಸಿದವರು ದುಃಖಪಡಬೇಕಿದ್ದದ್ದು ಅವರಿಗಾಗಿ.

ಎಲ್ಲರೂ ಹೆಸರೆತ್ತುವ ಮರಿಯಳ ಸುವಾರ್ತೆಯನ್ನು ಈಗ ಹತ್ತಿರದಿಂದ ನೋಡೋಣ. ಅದರ ಕಾಪ್ಟಿಕ್ (ಈಜಿಪ್ಟಿನ ಪ್ರಾಚೀನ ಕ್ರೈಸ್ತರ ಭಾಷೆ) ಪ್ರತಿಯೊಂದನ್ನು 1896ರಲ್ಲಿ ಜರ್ಮನ್ ವಿದ್ವಾಂಸರೊಬ್ಬರು ಕೈರೋ ನಗರದಲ್ಲಿ ಕೊಂಡು ಬರ್ಲಿನ್‌ಗೆ ತಂದರು. ಕಾರ್ಲ್ ಸ್ಮಿತ್ ಎಂಬ ವಿದ್ವಾಂಸರು ಅದನ್ನು ಸಂಪಾದಿಸಿ ಮುದ್ರಣಕ್ಕೆ ಕೊಟ್ಟರು. 1912ರಲ್ಲಿ ಮುದ್ರಣಾಲಯದ ನೀರಿನ ಕೊಳವೆ ಒಡೆದು ಅಚ್ಚಾದ ಹಾಳೆಗಳೆಲ್ಲ ಹಾಳಾದವು. ಮೊದಲನೆಯ ಮಹಾಯುದ್ಧ ಬಂತು, ಸ್ಮಿತ್ ತೀರಿಕೊಂಡರು, ಎರಡನೆಯ ಮಹಾಯುದ್ಧವೂ ಆಯಿತು. ಕೊನೆಗೆ ಪುಸ್ತಕ ಹೊರಬಂದದ್ದು 1955ರಲ್ಲಿ, ವಾಲ್ಟರ್ ಟಿಲ್ ಎಂಬುವರ ಸಂಪಾದನೆಯಲ್ಲಿ. ಸುಮಾರು ಅರವತ್ತು ವರ್ಷ ಅದು ಓದುಗರ ಕೈಗೆ ಸಿಗದಿದ್ದದ್ದಕ್ಕೆ ವ್ಯಾಟಿಕನ್ ಕಾರಣವಲ್ಲ, ಕೊಳಾಯಿ ಮತ್ತು ಯುದ್ಧ ಕಾರಣ. ಈ ಕಾಪ್ಟಿಕ್ ಪ್ರತಿ ಐದನೆಯ ಶತಮಾನದ್ದು. ಇದಲ್ಲದೆ ಮೂರನೆಯ ಶತಮಾನದ ಎರಡು ಗ್ರೀಕ್ ತುಣುಕುಗಳಿವೆ. ಕಾಪ್ಟಿಕ್ ಪ್ರತಿಯ ಮೊದಲ ಆರು ಪುಟಗಳು ಇಲ್ಲ, ನಡುವೆ ನಾಲ್ಕು ಪುಟಗಳು ಇಲ್ಲ. ಮೂಲದಲ್ಲಿ ಇಡೀ ಗ್ರಂಥ ಹತ್ತೊಂಬತ್ತು ಪುಟಗಳನ್ನು ಮೀರುತ್ತಿರಲಿಲ್ಲ. ಎಂದರೆ ಅರ್ಧಕ್ಕಿಂತ ಹೆಚ್ಚು ನಮ್ಮ ಬಳಿ ಇಲ್ಲ. ಯೂಟ್ಯೂಬಿನಲ್ಲಿ ಯಾರಾದರೂ ‘ಮರಿಯಳ ಸುವಾರ್ತೆಯ ಪೂರ್ಣ ಪಾಠ’ ಎಂದು ಓದಿದರೆ, ಆ ಹತ್ತು ಪುಟಗಳು ಅವರಿಗೆ ಎಲ್ಲಿಂದ ಬಂದವು ಎಂದು ಕೇಳಬೇಕು.

ಉಳಿದ ಪುಟಗಳಲ್ಲಿ ನಡೆಯುವುದು ಒಂದು ಜಗಳ. ಪುನರುತ್ಥಾನದ ನಂತರ ರಕ್ಷಕನು ಹೊರಟುಹೋದ ಮೇಲೆ ಶಿಷ್ಯರು ಹೆದರಿ ಅಳುತ್ತಾರೆ. ಮರಿಯಳು ಎದ್ದು ಅವರಿಗೆ ಧೈರ್ಯ ಹೇಳುತ್ತಾಳೆ. ರಕ್ಷಕನು ಉಳಿದ ಸ್ತ್ರೀಯರಿಗಿಂತ ನಿನ್ನನ್ನು ಹೆಚ್ಚು ಪ್ರೀತಿಸಿದನೆಂದು ಬಲ್ಲೆವು, ನಾವು ಕೇಳದೆ ಹೋದದ್ದನ್ನು ಹೇಳು ಎಂದು ಪೇತ್ರನೇ ಕೇಳಿಕೊಳ್ಳುತ್ತಾನೆ. ಅವಳು ತಾನು ಕಂಡ ದರ್ಶನವನ್ನು ಹೇಳಿ ಮುಗಿಸಿ ಸುಮ್ಮನಾಗುತ್ತಾಳೆ. ಆಗ ಅಂದ್ರೆಯನು, ಇಂಥ ವಿಚಿತ್ರ ಬೋಧನೆಯನ್ನು ರಕ್ಷಕನು ಹೇಳಿರಲಾರನು ಎನ್ನುತ್ತಾನೆ. ಪೇತ್ರನಂತೂ, ನಮಗೆ ತಿಳಿಯದಂತೆ ಅವನು ಒಬ್ಬ ಹೆಂಗಸಿನ ಸಂಗಡ ಮಾತಾಡಿದನೇ, ನಾವೆಲ್ಲ ಇನ್ನು ಇವಳ ಮಾತು ಕೇಳಬೇಕೇ ಎಂದು ಸಿಡಿಯುತ್ತಾನೆ. ಮರಿಯಳು ಅಳುತ್ತಾಳೆ, ಇದನ್ನೆಲ್ಲ ನಾನೇ ಕಟ್ಟಿ ಹೇಳಿದೆನೆಂದು ಎಣಿಸಿದೆಯಾ ಎಂದು ಕೇಳುತ್ತಾಳೆ. ನೀನು ಯಾವಾಗಲೂ ಮುಂಗೋಪಿ, ರಕ್ಷಕನೇ ಅವಳನ್ನು ಯೋಗ್ಯಳೆಂದು ಎಣಿಸಿರುವಾಗ ತಳ್ಳಿಬಿಡಲು ನೀನು ಯಾರು ಎಂದು ಪೇತ್ರನನ್ನು ಗದರಿಸುವವನು ಲೇವಿ ಎಂಬ ಇನ್ನೊಬ್ಬ ಶಿಷ್ಯ.

ಈ ಜಗಳ ಯೇಸುವಿನ ಕಾಲದಲ್ಲಿ ನಡೆಯಿತೆಂದು ನಾನು ಹೇಳಲಾರೆ, ಜವಾಬ್ದಾರಿಯುಳ್ಳ ಯಾವ ವಿದ್ವಾಂಸರೂ ಹೇಳರು. ಗ್ರಂಥ ಎರಡನೆಯ ಶತಮಾನದ್ದು. ಆದರೆ ಆ ಶತಮಾನದ ಸಭೆಗಳಲ್ಲಿ ಇಂಥದ್ದೇ ಜಗಳ ನಡೆಯುತ್ತಿತ್ತು ಎಂಬುದಕ್ಕೆ ಇದು ಒಳ್ಳೆಯ ಸಾಕ್ಷಿ. ಎಲ್ಲಿಯೂ ಹೆಂಗಸರು ಬೋಧಿಸದೆ ಇದ್ದಿದ್ದರೆ, ಬೋಧಿಸಬಹುದೋ ಬಾರದೋ ಎಂದು ಹೀಗೆ ಕಥೆ ಕಟ್ಟಿ ವಾದಿಸುವ ಅಗತ್ಯ ಯಾರಿಗೂ ಬರುತ್ತಿರಲಿಲ್ಲ. ತಿಮೊಥೆಯನಿಗೆ ಬರೆದ ಮೊದಲನೆಯ ಪತ್ರದ ಎರಡನೆಯ ಅಧ್ಯಾಯದಲ್ಲಿ ಸ್ತ್ರೀಯು ಉಪದೇಶಿಸಬಾರದೆಂಬ ಮಾತಿದೆಯಲ್ಲ, ಅದನ್ನೂ ಇದೇ ಬೆಳಕಿನಲ್ಲಿ ಓದಿ: ನಡೆಯದ ಕೆಲಸವನ್ನು ಯಾರೂ ನಿಷೇಧಿಸುವುದಿಲ್ಲ.

ಮರಿಯಳ ಸುವಾರ್ತೆಯನ್ನು ಬರೆದವರು ಯಾರು? ಹೆಸರಿಲ್ಲ. ಹೆಂಗಸು ಇರಬಹುದು, ಗಂಡಸು ಇರಬಹುದು. ಪಠ್ಯದೊಳಗಿನ ಯಾವ ಗುರುತೂ ಅದನ್ನು ತೀರ್ಮಾನಿಸುವುದಿಲ್ಲ. ಹೊರಗುಳಿದ ಗ್ರಂಥಗಳೆಲ್ಲ ಹೆಂಗಸರ ಪರ ಎಂಬ ಭಾವನೆಯನ್ನಂತೂ ಅದೇ ಬರ್ಲಿನ್ ಪ್ರತಿಯೇ ಒಡೆಯುತ್ತದೆ. ಆ ಕಟ್ಟಿನ ಕೊನೆಯಲ್ಲಿರುವುದು ಪೇತ್ರನ ಮಗಳ ಕಥೆ. ಊರಿನ ರೋಗಿಗಳನ್ನೆಲ್ಲ ವಾಸಿಮಾಡುವ ನೀನು ಪಾರ್ಶ್ವವಾಯು ಬಡಿದ ನಿನ್ನ ಮಗಳನ್ನೇಕೆ ಬಿಟ್ಟಿರುವೆ ಎಂದು ಜನ ಕೇಳುತ್ತಾರೆ. ಪೇತ್ರನು ಅವಳನ್ನು ಎಬ್ಬಿಸಿ ನಡೆಸಿ ತೋರಿಸಿ, ಜನ ಸಂತೋಷಪಡುತ್ತಿರುವಾಗಲೇ, ಮೂಲೆಗೆ ಹೋಗಿ ಮೊದಲಿನಂತೆ ಬಿದ್ದಿರು, ನಿನಗೂ ನನಗೂ ಇದೇ ಒಳ್ಳೆಯದು ಎನ್ನುತ್ತಾನೆ. ಹುಡುಗಿ ಚೆಲುವೆ, ಒಬ್ಬ ಧನಿಕ ಅವಳ ಮೇಲೆ ಕಣ್ಣಿಟ್ಟಿದ್ದ, ಅದಕ್ಕೆ ಈ ಉಪಾಯ. ಇಡೀ ಕಥೆಯಲ್ಲಿ ಆ ಹುಡುಗಿ ಒಂದು ಮಾತೂ ಆಡುವುದಿಲ್ಲ, ಅವಳಿಗೆ ಹೆಸರೂ ಇಲ್ಲ. ಒಬ್ಬಳು ಶಿಷ್ಯರಿಗೆಲ್ಲ ಬೋಧಿಸುವ ಗ್ರಂಥ ಮತ್ತು ಒಬ್ಬಳನ್ನು ಅವಳ ಒಳಿತಿಗೆಂದೇ ಹಾಸಿಗೆಗೆ ಕಟ್ಟಿಹಾಕುವ ಗ್ರಂಥ, ಎರಡೂ ಒಂದೇ ರಟ್ಟಿನ ನಡುವೆ ಇವೆ. ತೋಮನ ಸುವಾರ್ತೆಯ ಕೊನೆಯ ವಚನದಲ್ಲಿ ಮರಿಯಳು ನಮ್ಮನ್ನು ಬಿಟ್ಟು ಹೋಗಲಿ, ಸ್ತ್ರೀಯರು ಜೀವಕ್ಕೆ ಯೋಗ್ಯರಲ್ಲ ಎಂದು ಪೇತ್ರನು ಹೇಳಿದಾಗ, ನಾನು ಅವಳನ್ನು ಪುರುಷನನ್ನಾಗಿ ಮಾಡುವೆನು ಎಂಬುದು ಯೇಸುವಿನ ಉತ್ತರ. ಇದನ್ನು ಸ್ತ್ರೀವಿಮೋಚನೆಯ ಗ್ರಂಥವೆಂದು ಮಾರುವವರು ಆ ವಚನದವರೆಗೆ ಓದಿಲ್ಲ.

ನಿಮ್ಮ ಕೂಟದವರಿಗೆ ಹೆಚ್ಚು ಹಿಡಿಸುವುದು ಬಹುಶಃ ತೆಕ್ಲಾಳ ಕಥೆ. ಇಕೋನ್ಯದ ಮನೆಯ ಕಿಟಕಿಯಲ್ಲಿ ಕುಳಿತು, ಪಕ್ಕದ ಮನೆಯಲ್ಲಿ ಪೌಲನು ಬೋಧಿಸುವುದನ್ನು ಮೂರು ಹಗಲು ಮೂರು ರಾತ್ರಿ ಕದಲದೆ ಕೇಳಿ, ನಿಶ್ಚಯವಾಗಿದ್ದ ಮದುವೆಯನ್ನು ಮುರಿದುಕೊಂಡವಳು ಆಕೆ. ಸುಡಿಸಿಬಿಡಿ ಎಂದು ಕೂಗಿದವಳು ಸ್ವಂತ ತಾಯಿ. ಬೆಂಕಿಯಿಂದ ಪಾರಾಗಿ, ಅಂತಿಯೋಕ್ಯದಲ್ಲಿ ಮೃಗಗಳ ಬಾಯಿಗೆ ಬಿದ್ದಾಗ ಅವಳ ಕಾಲಬಳಿ ಬಂದು ಕಾವಲು ನಿಲ್ಲುವುದು ಹೆಣ್ಣು ಸಿಂಹ. ತೀರ್ಪು ಅನ್ಯಾಯವೆಂದು ಕೂಗುವವರು ಊರಿನ ಹೆಂಗಸರು. ದೀಕ್ಷಾಸ್ನಾನ ಕೊಡಲು ಪೌಲನು ತಡಮಾಡಿದ್ದರಿಂದ ಅಖಾಡದ ನೀರಿನ ಹೊಂಡಕ್ಕೆ ತಾನೇ ಧುಮುಕಿ ದೀಕ್ಷೆ ತೆಗೆದುಕೊಳ್ಳುತ್ತಾಳೆ. ಕೊನೆಗೆ ಪೌಲನು, ಹೋಗಿ ದೇವರ ವಾಕ್ಯವನ್ನು ಬೋಧಿಸು ಎನ್ನುತ್ತಾನೆ. ಉತ್ತರ ಆಫ್ರಿಕದ ಕಾರ್ತೇಜಿನ ಕ್ರೈಸ್ತ ಲೇಖಕ ತೆರ್ತುಲ್ಲಿಯನ್ 200ರ ಸುಮಾರಿಗೆ ಈ ಪುಸ್ತಕದ ಮೇಲೆ ಸಿಟ್ಟಾಗಿ ಬರೆದದ್ದು ನಮಗೆ ಬಹಳ ಉಪಯೋಗದ್ದು: ಹೆಂಗಸರು ಬೋಧಿಸಲೂ ದೀಕ್ಷಾಸ್ನಾನ ಕೊಡಲೂ ತೆಕ್ಲಾಳನ್ನು ಆಧಾರವಾಗಿ ತೋರಿಸುತ್ತಿದ್ದಾರೆ, ಆದರೆ ಇದನ್ನು ಬರೆದವನು ಆಸ್ಯಸೀಮೆಯ ಒಬ್ಬ ಹಿರಿಯ, ಪೌಲನ ಮೇಲಿನ ಪ್ರೀತಿಯಿಂದ ಬರೆದೆನೆಂದು ಒಪ್ಪಿಕೊಂಡು ಪದವಿ ಕಳೆದುಕೊಂಡ ಎನ್ನುತ್ತಾನೆ. ಅವನ ಮಾತನ್ನು ನಂಬುವುದಾದರೆ ಬರೆದವನು ಗಂಡಸು, ಅದನ್ನು ಹಿಡಿದು ಹಕ್ಕು ಕೇಳಿದವರು ಹೆಂಗಸರು. ಈ ಕಥೆಯನ್ನು ಮೊದಲು ಬಾಯಿಂದ ಬಾಯಿಗೆ ದಾಟಿಸಿದವರು ಹೆಂಗಸರೇ ಇರಬೇಕೆಂದು ಕೆಲವು ವಿದ್ವಾಂಸರು ಊಹಿಸುತ್ತಾರೆ; ಆಕರ್ಷಕ ಊಹೆ, ಸಾಧಿಸಿ ತೋರಿಸಲು ದಾರಿಯಿಲ್ಲ.

ಬೈಬಲಿಗೆ ಸೇರದಿದ್ದರೂ ತೆಕ್ಲಾಳ ಕಥೆ ಅಡಗಿಹೋಗಲಿಲ್ಲ. ಗ್ರೀಕ್, ಲ್ಯಾಟಿನ್, ಸಿರಿಯಾಕ್, ಕಾಪ್ಟಿಕ್, ಅರ್ಮೇನಿಯನ್ ಭಾಷೆಗಳಲ್ಲಿ ಅದು ಹರಡಿತು. 384ರ ಸುಮಾರಿಗೆ ಪಶ್ಚಿಮದಿಂದ ಪವಿತ್ರನಾಡಿಗೆ ಯಾತ್ರೆ ಬಂದಿದ್ದ ಎಗೇರಿಯಾ ಎಂಬಾಕೆ ಸೆಲ್ಯೂಕಿಯದ ಹತ್ತಿರ ತೆಕ್ಲಾಳ ಪುಣ್ಯಸ್ಥಳಕ್ಕೆ ಹೋಗಿ, ಅಲ್ಲಿ ಆ ಪುಸ್ತಕವನ್ನು ಪೂರ್ತಿ ಓದಿದೆನೆಂದೂ, ಯೆರೂಸಲೇಮಿನಲ್ಲಿ ಪರಿಚಯವಾಗಿದ್ದ ಮಾರ್ಥಾನಾ ಎಂಬ ಸಭಾಸೇವಕಿ ಅಲ್ಲಿ ಮತ್ತೆ ಸಿಕ್ಕಿ ಇಬ್ಬರಿಗೂ ಆದ ಸಂತೋಷವನ್ನು ಹೇಳಲಾರೆನೆಂದೂ ಊರಿನ ಸಹೋದರಿಯರಿಗೆ ಬರೆದಿದ್ದಾಳೆ. ಎಗೇರಿಯಾಳ ಈ ಯಾತ್ರಾಪತ್ರ ಹೆಂಗಸೊಬ್ಬಳು ಬರೆದದ್ದೆಂಬುದರಲ್ಲಿ ಸಂದೇಹವಿಲ್ಲ. ಅದರ ಮೊದಲೂ ಕೊನೆಯೂ ಇಲ್ಲದ ಒಂದೇ ಒಂದು ಪ್ರತಿ 1884ರಲ್ಲಿ ಇಟಲಿಯ ಅರೆಝೋದಲ್ಲಿ ಸಿಕ್ಕಿತು.

ಭಾರತದ ಹೆಸರಿರುವುದರಿಂದ ತೋಮನ ಕೃತ್ಯಗಳು ಎಂಬ ಗ್ರಂಥದ ಬಗ್ಗೆಯೂ ಒಂದು ಮಾತು. ಮೂರನೆಯ ಶತಮಾನದ ಮೊದಲಲ್ಲಿ ಎದೆಸ್ಸದ ಕಡೆ ಸಿರಿಯಾಕ್ ಭಾಷೆಯಲ್ಲಿ ಹುಟ್ಟಿದ ಈ ಕೃತಿಯಲ್ಲಿ, ತೋಮನ ಬೋಧನೆ ಕೇಳಿದ ಮಿಗ್ದೋನಿಯಾ ಎಂಬ ಭಾರತದ ದೊಡ್ಡ ಮನೆತನದ ಹೆಂಗಸು ಗಂಡನ ಹಾಸಿಗೆಯನ್ನು ನಿರಾಕರಿಸುತ್ತಾಳೆ. ಅವನು ಬಲವಂತ ಮಾಡಿದಾಗ ಬಟ್ಟೆಯಿಲ್ಲದೆ ತಪ್ಪಿಸಿಕೊಂಡು, ಬಾಗಿಲ ಪರದೆಯನ್ನೇ ಎಳೆದು ಸುತ್ತಿಕೊಂಡು, ಸಾಕಿದ ದಾದಿಯ ಬಳಿ ಹೋಗಿ ಆ ರಾತ್ರಿ ಮಲಗುತ್ತಾಳೆ. ಕಥೆ ಕಲ್ಪಿತ, ಆದರೆ ವೈರಾಗ್ಯವೆಂಬುದು ಆ ಕಾಲದ ಹೆಂಗಸಿಗೆ ತನ್ನ ಮೈಮೇಲಿನ ಹಕ್ಕನ್ನು ತಾನೇ ಇಟ್ಟುಕೊಳ್ಳುವ ದಾರಿಯೂ ಆಗಿತ್ತೆಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ತೋರಿಸುವ ದೃಶ್ಯ ನನಗೆ ತಿಳಿಯದು.

ಈಗ ನಿಮ್ಮ ಮುಖ್ಯ ಪ್ರಶ್ನೆ, ಹೆಂಗಸರೇ ಬರೆದದ್ದು ಉಳಿದಿದೆಯೇ ಎಂಬುದು. ಉಳಿದಿದೆ. 203ರ ಮಾರ್ಚ್ 7ರಂದು ಕಾರ್ತೇಜಿನ ಅಖಾಡದಲ್ಲಿ ಮೃಗಗಳಿಗೆ ಎಸೆಯಲ್ಪಟ್ಟ ಪರ್ಪೆತುವಾ ಸೆರೆಮನೆಯಲ್ಲಿ ಬರೆದಿಟ್ಟ ದಿನಚರಿ ಲ್ಯಾಟಿನ್ ಭಾಷೆಯಲ್ಲಿ ನಮಗೆ ಸಿಕ್ಕಿದೆ. ಹಿಂದೆ ಮುಂದೆ ಒಬ್ಬ ಸಂಪಾದಕನ ಮಾತುಗಳಿವೆ. ನಡುವಿನ ಭಾಗ ಅವಳದೇ ಕೈಯದು, ಅವಳದೇ ಭಾವದ್ದು ಎಂದು ಅವನು ಹೇಳುತ್ತಾನೆ. ಕೆಲವರು ಇದನ್ನು ಅನುಮಾನಿಸಿದ್ದಾರೆ, ಬಹುಪಾಲು ವಿದ್ವಾಂಸರು ಒಪ್ಪುತ್ತಾರೆ. ಓದಿದರೆ ಒಪ್ಪಲು ಕಾರಣ ನಿಮಗೇ ತಿಳಿಯುತ್ತದೆ. ಆಕೆಗೆ ಸುಮಾರು ಇಪ್ಪತ್ತೆರಡು ವರ್ಷ, ತೋಳಿನಲ್ಲಿ ಮೊಲೆಹಾಲು ಕುಡಿಯುವ ಗಂಡುಮಗು. ನಂಬಿಕೆ ಬಿಡು ಎಂದು ತಂದೆ ಬೇಡಿಕೊಂಡಾಗ, ಅಪ್ಪಾ, ಅಲ್ಲಿ ಬಿದ್ದಿರುವ ಆ ಪಾತ್ರೆಯನ್ನು ನೋಡು, ಅದನ್ನು ಅದರ ಹೆಸರು ಬಿಟ್ಟು ಬೇರೆ ಹೆಸರಿನಿಂದ ಕರೆಯಲು ಆದೀತೇ, ನಾನೂ ಕ್ರೈಸ್ತಳಲ್ಲದೆ ಬೇರೇನೂ ಅಲ್ಲ ಎನ್ನುತ್ತಾಳೆ. ಕತ್ತಲೆಯ ನೆಲಮಾಳಿಗೆಯಲ್ಲಿ ಅವಳನ್ನು ಹಿಂಡಿದ್ದು ಮಗುವಿನ ಚಿಂತೆ; ಮಗುವನ್ನು ಜೊತೆಗಿಟ್ಟುಕೊಳ್ಳಲು ಅಪ್ಪಣೆ ಸಿಕ್ಕಿದೊಡನೆ ಸೆರೆಮನೆಯೇ ಅರಮನೆಯಾಯಿತು ಎಂದು ಬರೆಯುತ್ತಾಳೆ. ಮರಣದಂಡನೆಯ ತೀರ್ಪಾದ ಮೇಲೆ ತಂದೆ ಮಗುವನ್ನು ಕೊಡಲೊಲ್ಲ. ಆಗ ದೇವರ ದಯೆಯಿಂದ ಮಗುವಿಗೆ ಮೊಲೆಯ ಆಸೆ ಹೋಯಿತು, ತನಗೂ ಮೊಲೆ ಬಿಗಿದು ನೋಯಲಿಲ್ಲ ಎಂದು ಅವಳು ದಾಖಲಿಸುತ್ತಾಳೆ. ರಕ್ತಸಾಕ್ಷಿಯ ಕಥೆಯನ್ನು ಕಟ್ಟಿ ಬರೆಯುವ ಗಂಡಸಿನ ಲೇಖನಿಗೆ ಈ ವಿವರ ಹೊಳೆಯುವುದು ಅಪರೂಪ.

ಅಖಾಡಕ್ಕೆ ಹೋಗುವ ಹಿಂದಿನ ದಿನ ಅವಳ ಬರಹ ನಿಲ್ಲುತ್ತದೆ: ಅಲ್ಲಿ ನಡೆಯುವುದನ್ನು ಬರೆಯಬೇಕೆನ್ನುವವರು ಬರೆಯಲಿ. ಅವಳ ಜೊತೆಗಿದ್ದ ಫೆಲಿಸಿತಾ ಎಂಬ ದಾಸಿ ಎಂಟು ತಿಂಗಳ ಬಸುರಿ, ಸೆರೆಯಲ್ಲೇ ಹೆಣ್ಣುಮಗುವನ್ನು ಹೆತ್ತವಳು. ಅವಳ ವಿಷಯ ತಿಳಿಯುವುದು ಸಂಪಾದಕನಿಂದ, ಅವಳಿಂದಲೇ ಅಲ್ಲ. ಅಕ್ಷರ ಬಲ್ಲ ಮನೆತನದ ಪರ್ಪೆತುವಾಳ ದನಿ ಉಳಿಯಿತು, ದಾಸಿಯದು ಉಳಿಯಲಿಲ್ಲ. ಸ್ತ್ರೀಯರ ದನಿ ಎಂದು ಒಟ್ಟಾಗಿ ಮಾತಾಡುವಾಗ ಈ ಅಂತರವನ್ನು ಮರೆಯಬಾರದು. ಈ ಪುಸ್ತಕವೂ ಬೈಬಲಿನಲ್ಲಿ ಇಲ್ಲ, ಆದರೆ ಉತ್ತರ ಆಫ್ರಿಕದ ಸಭೆಗಳಲ್ಲಿ ಆ ಹಬ್ಬದ ದಿನ ಓದುತ್ತಿದ್ದರು. ಅಲ್ಲಿನ ಬಿಷಪ್ ಅಗಸ್ಟೀನನು ಇವರನ್ನು ಕೊಂಡಾಡಿ ಪ್ರಸಂಗ ಮಾಡಿದ್ದಾನೆ. ಅದೇ ಅಗಸ್ಟೀನನು ಇನ್ನೊಂದೆಡೆ, ಅದು ಪವಿತ್ರ ಗ್ರಂಥದ ಪಟ್ಟಿಗೆ ಸೇರಿದ್ದಲ್ಲ ಎಂದು ನೆನಪಿಸಲೂ ಮರೆಯಲಿಲ್ಲ.

ಸುಟ್ಟುಹೋದ ಪುಸ್ತಕಗಳ ಇಬ್ಬರು ಪ್ರವಾದಿನಿಯರೆಂದರೆ ಪ್ರಿಸ್ಕಿಲ್ಲಾ ಮತ್ತು ಮ್ಯಾಕ್ಸಿಮಿಲ್ಲಾ. ಎರಡನೆಯ ಶತಮಾನದ ಉತ್ತರಾರ್ಧದಲ್ಲಿ ಫ್ರುಗ್ಯದಲ್ಲಿ ಮೊಂಟಾನಸ್‌ನ ಸಂಗಡ ಪ್ರವಾದಿಸಿದವರು. ಇವರ ಮಾತುಗಳು ಬೆರಳೆಣಿಕೆಯಷ್ಟು ಮಾತ್ರ ಉಳಿದಿವೆ, ಅದರಲ್ಲಿ ಬಹುಪಾಲು ವಿರೋಧಿಗಳು ಖಂಡಿಸಲೆಂದು ಉದ್ಧರಿಸಿದ್ದರಿಂದ. ‘ಕುರಿಗಳ ನಡುವಿನಿಂದ ತೋಳನನ್ನು ಅಟ್ಟುವಂತೆ ನನ್ನನ್ನು ಅಟ್ಟುತ್ತಾರೆ, ನಾನು ತೋಳನಲ್ಲ, ನಾನು ವಾಕ್ಯ, ಆತ್ಮ, ಶಕ್ತಿ’ ಎಂಬ ಮ್ಯಾಕ್ಸಿಮಿಲ್ಲಾಳ ನುಡಿ ಇತಿಹಾಸಕಾರ ಯುಸೇಬಿಯಸ್‌ನ ಪುಟಗಳಲ್ಲಿ ಹಾಗೆ ಸಿಕ್ಕಿಕೊಂಡಿದೆ. ತನ್ನ ನಂತರ ಪ್ರವಾದಿಯಿಲ್ಲ, ಲೋಕಾಂತ್ಯವೇ ಎಂದೂ ಆಕೆ ಹೇಳಿದ್ದಳು. ಲೋಕ ಮುಗಿಯಲಿಲ್ಲ, ವಿರೋಧಿಗಳು ಅದನ್ನೇ ಎತ್ತಿ ಆಡಿಕೊಂಡರು. ಹೆಂಗಸರೆಂಬ ಕಾರಣಕ್ಕಷ್ಟೇ ಇವರನ್ನು ತಳ್ಳಲಿಲ್ಲ, ಬಿಷಪ್ಪರ ಅಧಿಕಾರಕ್ಕೆ ಎದುರಾಗಿ ದೇವರು ತಮ್ಮ ಬಾಯಿಂದ ನೇರವಾಗಿ ಮಾತಾಡುತ್ತಾನೆಂದದ್ದು ದೊಡ್ಡ ಕಾರಣ. ಆದರೆ ಆ ಮಾತನ್ನು ಹೆಂಗಸರು ಆಡಿದ್ದರಿಂದ ಸಿಟ್ಟು ಇಮ್ಮಡಿಯಾಯಿತು ಎಂದು ಆ ಖಂಡನೆಗಳನ್ನು ಓದಿದವರಿಗೆ ಅನ್ನಿಸದೆ ಇರದು.

ಮಗ್ದಲದ ಮರಿಯಳ ಮದುವೆಯ ವಿಷಯ ಬೇಗ ಮುಗಿಯುವಂಥದ್ದು. ಆಧಾರವಾಗಿ ತೋರಿಸುವುದು 1945ರಲ್ಲಿ ಈಜಿಪ್ಟಿನ ನಾಗ್ ಹಮ್ಮಾದಿಯ ಬಳಿ ಸಿಕ್ಕ ಫಿಲಿಪ್ಪನ ಸುವಾರ್ತೆಯ ಒಂದು ಸಾಲನ್ನು. ಅವನು ಅವಳನ್ನು ಪದೇಪದೇ ಮುದ್ದಿಡುತ್ತಿದ್ದನು ಎಂಬಲ್ಲಿ, ಎಲ್ಲಿ ಮುದ್ದಿಡುತ್ತಿದ್ದನೆಂಬ ಜಾಗದಲ್ಲೇ ಹಾಳೆ ತೂತಾಗಿದೆ. ‘ತುಟಿಯ ಮೇಲೆ’ ಎಂಬುದು ಆಧುನಿಕರು ತುಂಬಿದ ಮಾತು. ಅದೇ ಗ್ರಂಥದಲ್ಲಿ ಮುದ್ದು ಎಂಬುದು ಪರಿಪೂರ್ಣರು ಒಬ್ಬರಿಗೊಬ್ಬರು ಕೃಪೆಯನ್ನು ದಾಟಿಸುವ ಬಗೆ, ದಾಂಪತ್ಯದ ಗುರುತಲ್ಲ. 2012ರಲ್ಲಿ ‘ಯೇಸುವಿನ ಹೆಂಡತಿಯ ಸುವಾರ್ತೆ’ ಎಂದು ಸುದ್ದಿಯಾದ ಅಂಗೈಯಗಲದ ತುಣುಕು ಕೃತಕವೆಂಬುದು 2016ರ ಹೊತ್ತಿಗೆ ಬಯಲಾಯಿತು. ಅದನ್ನು ಪ್ರಕಟಿಸಿದ್ದ ಪ್ರಾಧ್ಯಾಪಕಿಯೇ ಪುರಾವೆ ಆ ಕಡೆಗೆ ವಾಲುತ್ತದೆಂದು ಒಪ್ಪಿದರು. ಆಕೆ ವೇಶ್ಯೆಯಾಗಿದ್ದಳೆಂಬ ಮಾತೂ ಇಷ್ಟೇ ನಿರಾಧಾರ, ಆದರೆ ಅದು ಹುಟ್ಟಿದ್ದು ಸಭೆಯೊಳಗೆ: ಪೋಪ್ ಗ್ರೆಗರಿ 591ರಲ್ಲಿ ಒಂದು ಪ್ರಸಂಗದಲ್ಲಿ ಮರಿಯಳನ್ನೂ ಲೂಕನ ಏಳನೆಯ ಅಧ್ಯಾಯದ ಹೆಸರಿಲ್ಲದ ಪಾಪಿಯನ್ನೂ ಬೇಥಾನ್ಯದ ಮರಿಯಳನ್ನೂ ಒಬ್ಬಳೇ ಎಂದುಬಿಟ್ಟರು. ಪೂರ್ವದ ಸಭೆಗಳು ಹಾಗೆ ಬೆರೆಸಲಿಲ್ಲ. ಕಥೋಲಿಕ ಸಭೆ 1969ರಲ್ಲಿ ತನ್ನ ಪಂಚಾಂಗವನ್ನು ತಿದ್ದುವಾಗ ಬೇರ್ಪಡಿಸಿತು. ಹೊರಗಿನ ಗ್ರಂಥಗಳನ್ನು ಮುಟ್ಟದೆಯೂ ಈ ಹೆಂಗಸಿನ ಹೆಸರು ಕೆಡಿಸಲು ಸಾಧ್ಯವಾಯಿತು ಎಂಬುದನ್ನು ನಿಮ್ಮ ಸಭಾಪಾಲಕರಿಗೆ ಮೆಲ್ಲನೆ ಹೇಳಬಹುದು.

ಇವನ್ನು ಓದಬೇಕೋ ಬೇಡವೋ ಎಂಬುದಕ್ಕೆ ನನ್ನ ಸಲಹೆ, ಓದಿ. ಆದರೆ ಯಾವುದಾಗಿ ಓದುತ್ತೀರೆಂಬುದನ್ನು ಮೊದಲೇ ನಿಶ್ಚಯಿಸಿಕೊಳ್ಳಿ. ಯೇಸುವಿನ ಜೀವನದ ಹೊಸ ಮಾಹಿತಿಗೆಂದು ಓದಿದರೆ ನಿರಾಶೆಯೂ ಗೊಂದಲವೂ ಖಂಡಿತ, ಏಕೆಂದರೆ ಅವು ನಮ್ಮ ನಾಲ್ಕು ಸುವಾರ್ತೆಗಳಿಗಿಂತ ಈಚಿನವು. ಎರಡನೆಯ, ಮೂರನೆಯ ಶತಮಾನದ ವಿಶ್ವಾಸಿಗಳು ಏನೇನು ವಾದಿಸಿದರೆಂದು ತಿಳಿಯಲು ಓದಿದರೆ ಸತ್ಯವೇದದ ಪತ್ರಗಳೇ ನಿಮಗೆ ಇನ್ನಷ್ಟು ಬಿಚ್ಚಿಕೊಳ್ಳುತ್ತವೆ. ಭಕ್ತಿಗೆಂದು ಓದುವವರೂ ಇದ್ದಾರೆ. ಪರ್ಪೆತುವಾಳ ಬರಹ ಅದಕ್ಕೆ ಒದಗುತ್ತದೆ, ಮರಿಯಳ ಸುವಾರ್ತೆಯ ಬೋಧನೆ ಸುಲಭವಾಗಿ ಒದಗುವುದಿಲ್ಲ, ಏಕೆಂದರೆ ಆತ್ಮವು ದೇಹವನ್ನು ಕಳಚಿ ಮೇಲೇರುವ ಅದರ ದಾರಿ ನಿಮ್ಮ ವಿಶ್ವಾಸಪ್ರಮಾಣದ ಶರೀರ ಪುನರುತ್ಥಾನಕ್ಕಿಂತ ಬೇರೆ. ದುರ್ಬೋಧೆ ಎಂದು ಸಭಾಪಾಲಕರು ಹೇಳಿದ್ದರ ಸರಿಯಾದ ಅರ್ಧ ಇದು. ನಂಬಿಕೆಗೆ ಪೆಟ್ಟು ಬೀಳುವ ಬಗ್ಗೆ ನನ್ನ ತರಗತಿಗಳಲ್ಲಿ ಕಂಡದ್ದನ್ನು ಹೇಳುವುದಾದರೆ, ವಿದ್ಯಾರ್ಥಿಗಳು ತತ್ತರಿಸುವುದು ಈ ಗ್ರಂಥಗಳಲ್ಲಿ ಇರುವುದರಿಂದಲ್ಲ, ಬೈಬಲಿನ ಪಟ್ಟಿ ಸಿದ್ಧವಾಗಲು ಮೂರು ಶತಮಾನ ಹಿಡಿಯಿತೆಂಬುದನ್ನು ಯಾರೂ ತಮಗೆ ಮೊದಲೇ ಹೇಳಿರಲಿಲ್ಲವೆಂಬುದರಿಂದ. ಅದನ್ನು ಕೂಟದಲ್ಲಿ ನೀವೇ ಮೊದಲು ಹೇಳಿಬಿಡಿ.

ಇನ್ನೊಂದು ಅಪಾಯವಿದೆ. ಕೂಟದಲ್ಲಿ ಯಾರಾದರೂ ಈ ಗ್ರಂಥಗಳನ್ನು ಹೆಂಗಸರ ಬೋಧನೆಯ ಹಕ್ಕಿಗೆ ಪ್ರಮಾಣವಾಗಿ ಹಿಡಿದರೆ, ಎದುರಿನವರು ಪ್ರಮಾಣವನ್ನು ತಳ್ಳಿಹಾಕಿ ಹಕ್ಕನ್ನೂ ತಳ್ಳಿಹಾಕುತ್ತಾರೆ. ತೆರ್ತುಲ್ಲಿಯನ್ ಮಾಡಿದ್ದು ಅದನ್ನೇ. ಆ ವಾದಕ್ಕೆ ಇವು ಬೇಕೂ ಇಲ್ಲ. ಲೂಕನ ಎಂಟನೆಯ ಅಧ್ಯಾಯ, ಯೋಹಾನನ ಇಪ್ಪತ್ತನೆಯ ಅಧ್ಯಾಯ, ರೋಮಾಪುರದವರಿಗೆ ಬರೆದ ಪತ್ರದ ಕೊನೆಯ ವಂದನೆಗಳು ಸಾಕು. ನಿಮ್ಮ ಸಿಎಸ್‌ಐ ಸಭೆಯಲ್ಲಿಯೇ 2013ರಲ್ಲಿ ನಂದ್ಯಾಲಕ್ಕೆ ಮಹಿಳೆಯೊಬ್ಬರು ಬಿಷಪ್ ಆದಾಗ ಮರಿಯಳ ಸುವಾರ್ತೆಯ ಅಗತ್ಯ ಬೀಳಲಿಲ್ಲ.

ಶುರುಮಾಡುವುದಾದರೆ ಪರ್ಪೆತುವಾಳಿಂದ ಮಾಡಿ, ಸಭಾಪಾಲಕರನ್ನೂ ಕೂರಿಸಿಕೊಂಡು ಮಾಡಿ. ರಕ್ತಸಾಕ್ಷಿಯ ಬರಹಕ್ಕೆ ಅವರು ಬೇಡವೆನ್ನಲಾರರು. ಅದು ರುಚಿಸಿದರೆ ತೆಕ್ಲಾಳನ್ನೂ, ಆಮೇಲೆ ಮರಿಯಳ ಸುವಾರ್ತೆಯ ಜಗಳದ ಭಾಗವನ್ನೂ ತೆಗೆದುಕೊಳ್ಳಿ. ಕಳೆದ ಪುಟಗಳನ್ನು ಖಾಲಿ ಬಿಟ್ಟು, ಹರಿದ ಸಾಲುಗಳನ್ನು ಚೌಕ ಕಂಸದಲ್ಲಿ ತೋರಿಸುವ ಅನುವಾದವನ್ನೇ ಆರಿಸಿ. ಎಲ್ಲವೂ ನುಣ್ಣಗೆ ಓದಿಸಿಕೊಂಡು ಹೋಗುವ ಪುಸ್ತಕವಾದರೆ ಕೆಳಗಿಡಿ. ಮಗಳಿಗೆ ಇಂಗ್ಲಿಷ್ ಬರುತ್ತದೆಂದು ಊಹಿಸುತ್ತೇನೆ. ಪರ್ಪೆತುವಾ ತಾನೇ ಬರೆದ ಭಾಗ ಕೆಲವೇ ಪುಟಗಳದ್ದು, ವಾಕ್ಯಗಳು ಚಿಕ್ಕವು. ನಿಮ್ಮ ಕೂಟಕ್ಕೆ ಅದನ್ನು ಕನ್ನಡಕ್ಕೆ ತರುವ ಕೆಲಸವನ್ನು ಅವಳಿಗೇ ಒಪ್ಪಿಸಿ ನೋಡಿ.